ಪಟ್ಟಿಯಲ್ಲಿ ಹೆಸರಿದ್ದರೂ ಮನೆ ಏಕೆ ಏಳುವುದಿಲ್ಲ

ಮಾನ್ಯ ಸಂಪಾದಕರೆ,

ವಸತಿ ಯೋಜನೆಯ ಪಟ್ಟಿ ಹೊರಬಿದ್ದಾಗಲೆಲ್ಲ ಕಲಬುರಗಿಯ ಓಣಿಗಳಲ್ಲಿ ಒಂದೇ ಚರ್ಚೆ: ಯಾರ ಹೆಸರು ಬಂತು, ಯಾರದು ಬಿಟ್ಟುಹೋಯಿತು, ಯಾರು ಯಾರ ಕಡೆಯಿಂದ ಹೇಳಿಸಿದರು. ಆ ಚರ್ಚೆ ಬೇಕಾದದ್ದೇ. ಆದರೆ ಹೆಸರು ಬಂದವರಲ್ಲೂ ಎಷ್ಟೋ ಮಂದಿಯ ಮನೆ ಬುನಾದಿಯಿಂದ ಮೇಲೇಳುವುದಿಲ್ಲ. ಹೆಸರು ಬಾರದವರಲ್ಲಿ ಹಲವರು ಒಂದು ಕಾಗದದ ಕೊರತೆಯಿಂದ ಹೊರಗುಳಿದಿರುತ್ತಾರೆ. ಓಣಿಯ ವಸತಿ ಸಮಿತಿಯ ಕೆಲಸ ಇರುವುದು ಅಲ್ಲಿ. ಅದರ ಬಗ್ಗೆ ಯಾರೂ ಬರೆಯದ ಕಾರಣ ಈ ಪತ್ರ.

ಯಾರ ಕೈಯಲ್ಲಿ ಏನಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇವೆ. ನಗರದಲ್ಲಿ ಫಲಾನುಭವಿಗಳನ್ನು ಆರಿಸುವುದು ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ, ಹಳ್ಳಿಯಲ್ಲಿ ಗ್ರಾಮಸಭೆ. ದುಡ್ಡು ಬಿಡುಗಡೆ ಮಾಡುವುದು ರಾಜೀವ್ ಗಾಂಧಿ ವಸತಿ ನಿಗಮ. ಘೋಷಿತ ಕೊಳಗೇರಿಯಾದರೆ ಕೊಳಗೇರಿ ಅಭಿವೃದ್ಧಿ ಮಂಡಳಿಯ ದಾರಿಯೇ ಬೇರೆ. ಓಣಿ ಸಮಿತಿಗೆ ಇದಾವುದರ ಅಧಿಕಾರವೂ ಇಲ್ಲ. ಪಾಲಿಕೆಯ 55 ವಾರ್ಡ್‌ಗಳಿಗೂ ವಾರ್ಡ್ ಸಮಿತಿ ಮಾಡಲು 1976ರ ಪೌರ ನಿಗಮಗಳ ಕಾಯ್ದೆಯಲ್ಲೇ ಅವಕಾಶವಿದೆ. ಅದು ನಡೆಯಲಿ, ನಡೆಯದಿರಲಿ, ಓಣಿಯವರು ಹತ್ತು ಮಂದಿ ಸೇರಿ ಒಂದು ನೋಟ್‌ಬುಕ್ ಇಡಲು ಯಾರ ಆದೇಶವೂ ಬೇಕಿಲ್ಲ.

ಆ ನೋಟ್‌ಬುಕ್ಕೇ ಸಮಿತಿಯ ಮುಖ್ಯ ಆಸ್ತಿ. ಮನೆಗೊಂದು ಪುಟ. ಬಡವರೋ ಅಲ್ಲವೋ ಎಂದು ಬರೆಯುವುದಕ್ಕಿಂತ ಮೊದಲು ಕಾಲ ಕೆಳಗಿನ ನೆಲ ಯಾರದು ಎಂದು ಬರೆಯಬೇಕು, ಏಕೆಂದರೆ ಮುಂದಿನ ದಾರಿಯೆಲ್ಲ ಅದರ ಮೇಲೆ ನಿಂತಿದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿಸಿ (ಹಳ್ಳಿಯಾದರೆ 94ಸಿ) ಅಡಿ ಸಕ್ರಮಕ್ಕೆ ಅರ್ಜಿ. ಕೊಳಗೇರಿ ಇನ್ನೂ ಘೋಷಣೆಯಾಗಿಲ್ಲವೆಂದರೆ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಸೆಕ್ಷನ್ ಅಡಿ ಘೋಷಣೆಗೆ ಅರ್ಜಿ. ಅಜ್ಜನ ಹೆಸರಿನಲ್ಲೇ ಉಳಿದ ಜಾಗವಾದರೆ ಮೊದಲು ವಾರಸಾ (ವಾರಸುದಾರರ ಹೆಸರಿಗೆ ದಾಖಲೆ ಬದಲಾವಣೆ), ಆಮೇಲೆ ಅಣ್ಣತಮ್ಮಂದಿರ ಹಿಸ್ಸಾ (ಪಾಲು). ಹೊಲವನ್ನು ಗುಂಟೆಗಟ್ಟಲೆ ಕತ್ತರಿಸಿ ಬಾಂಡ್ ಪೇಪರ್ ಮೇಲೆ ಮಾರಿದ ಪ್ಲಾಟ್ ಆದರೆ ಕಷ್ಟ ಹೆಚ್ಚು: ನೋಟರಿ ಮುದ್ರೆ ಬಿದ್ದ ಬಾಂಡ್ ಖರೀದಿ ಪತ್ರವಾಗುವುದಿಲ್ಲ, ನೋಂದಣಿಯಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದೆ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವ ಸಹಾಯಧನವಿಲ್ಲ. ಕಂತು ಕಂತಾಗಿ ದುಡ್ಡು ಕಟ್ಟಿ ಪ್ಲಾಟ್ ಹಿಡಿದ ಹಮಾಲರು, ದಾಲ್ ಮಿಲ್ಲಿನ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲಿಯೇ. ಪ್ಲಾಟ್ ತೆಗೆದುಕೊಳ್ಳುವ ಮುಂಚೆ ಎನ್‌ಎ (ಕೃಷಿಯೇತರ ಬಳಕೆಯ) ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ನಕ್ಷೆ ಮತ್ತು ಜಾಗ 500 ಚದರ ಮೀಟರ್ ಮೀರಿದ್ದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ, ಈ ಮೂರನ್ನೂ ಕೇಳಿ ಎಂದು ಗೋಡೆ ಮೇಲೆ ಬರೆಸಿದರೂ ಸಮಿತಿಯ ಅರ್ಧ ಕೆಲಸ ಆದಂತೆ.

ಬಾಡಿಗೆಯವರಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಇರಲೇಬೇಕು. ಸಮೀಕ್ಷೆಗೆ ಬಂದವರು ಮನೆ ಮಾಲೀಕರನ್ನು ಮಾತಾಡಿಸಿ ಹೋಗುತ್ತಾರೆ. ಹಿಂದಿನ ಖೋಲಿಯಲ್ಲಿರುವ ಎರಡು ಸಂಸಾರ ಲೆಕ್ಕಕ್ಕೇ ಬರುವುದಿಲ್ಲ. ಗುಳೆ ಹೋದವರ ಬಾಗಿಲಿಗೆ ಕೀಲಿ ಬಿದ್ದಿರುತ್ತದೆ, ವರದಿಯಲ್ಲಿ ‘ವಾಸವಿಲ್ಲ’ ಎಂದಾಗುತ್ತದೆ. ಅವರು ಪುಣೆಯಲ್ಲೋ ಹೈದರಾಬಾದಿನಲ್ಲೋ ಆಧಾರ್ ವಿಳಾಸ ಬದಲಿಸಿಕೊಂಡಿದ್ದರಂತೂ ಊರಲ್ಲಿ ವಾಸವಿದ್ದದ್ದಕ್ಕೆ ಪುರಾವೆಯೇ ಇಲ್ಲದಂತಾಗುತ್ತದೆ. ಇಂಥ ಕಡೆ ಹಳೆಯ ಜೆಸ್ಕಾಂ ಕರೆಂಟ್ ಬಿಲ್ಲು, ಮನೆ ಕರದ ರಸೀದಿ, ಹಳೆಯ ಮತದಾರರ ಪಟ್ಟಿಯ ಪ್ರತಿ ಕೈಹಿಡಿಯುತ್ತವೆ. 94ಸಿಸಿ ಅರ್ಜಿಗೂ ಅವೇ ಆಧಾರ. ಬಿಲ್ಲು ಕಟ್ಟಿದ ಮೇಲೆ ಹರಿದು ಬಿಸಾಡುವ ಚಾಳಿಯನ್ನು ಬಿಡಿಸುವುದೂ ಸಮಿತಿಯ ಕೆಲಸವೇ.

ಕಾಗದ ಎಲ್ಲಿ ಕೈಕೊಡುತ್ತದೆ ಎನ್ನುವುದು ಸಮಿತಿಯಲ್ಲಿ ಕೆಲಸ ಮಾಡುವವರಿಗೆ ಬಾಯಿಪಾಠ. ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರಲ್ಲಿ ಸ್ವಂತ ಜಾಗದಲ್ಲಿ ಕಟ್ಟಿಕೊಳ್ಳುವವರ ವಾರ್ಷಿಕ ಆದಾಯ 3 ಲಕ್ಷ ರೂಪಾಯಿ ಮೀರಬಾರದು, ದೇಶದಲ್ಲೆಲ್ಲೂ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷಗಳಲ್ಲಿ ಬೇರೆ ಸರ್ಕಾರಿ ವಸತಿ ಯೋಜನೆಯ ಲಾಭ ಪಡೆದಿರಬಾರದು. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಮದುವೆಯಾದ ಮಗ ಬೇರೆ ಕುಟುಂಬ, ಅರ್ಹ. ಆದರೆ ಪಡಿತರ ಚೀಟಿ ಇನ್ನೂ ಒಂದೇ ಇರುತ್ತದೆ, ಅದರಲ್ಲಿ ಅಪ್ಪನ ಹೆಸರಿನ ಮನೆ ಕಾಣುತ್ತದೆ, ಅರ್ಜಿ ಬಿದ್ದುಹೋಗುತ್ತದೆ. ಚೀಟಿ ಬೇರೆ ಮಾಡಿಸಲು ಸಮಯ ಹಿಡಿಯುವುದರಿಂದ ಅರ್ಜಿ ಕರೆದ ಮೇಲೆ ಓಡಾಡಿದರೆ ಆಗುವುದಿಲ್ಲ. ಮನೆ ಹೆಣ್ಣುಮಗಳ ಹೆಸರಿಗೆ ಅಥವಾ ಇಬ್ಬರ ಹೆಸರಿಗೆ ಇರಬೇಕೆನ್ನುತ್ತದೆ ಯೋಜನೆ. ಹಕ್ಕುಪತ್ರ ಗಂಡನ ಹೆಸರಿಗೆ ಮಾತ್ರ ಇರುತ್ತದೆ. ಇನ್ನು ಹೆಸರಿನ ಅಕ್ಷರ! ಆಧಾರ್‌ನಲ್ಲಿ ‘ಶರಣಮ್ಮ’, ಬ್ಯಾಂಕಿನಲ್ಲಿ ‘ಶರಣವ್ವ’, ಆಸ್ತಿ ಖಾತೆಯಲ್ಲಿ ‘ಶರಣಬಾಯಿ’. ಒಬ್ಬಳೇ ಹೆಂಗಸು, ಕಂಪ್ಯೂಟರಿಗೆ ಮೂವರು.

ತಾಂಡಾಗಳ ವಿಚಾರದಲ್ಲೂ ಇದೇ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ದಾಖಲೆಯಲ್ಲೇ ಇಲ್ಲದ ತಾಂಡಾಗಳು ಕಂದಾಯ ಗ್ರಾಮಗಳಾದದ್ದು ದೊಡ್ಡ ಹೆಜ್ಜೆ. ಆದರೆ ಹಕ್ಕುಪತ್ರ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ವಸ್ತುವಲ್ಲ. ಅದು ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿಗೆ ಏರಿ ನಮೂನೆ 9 ಮತ್ತು 11 ಕೈಗೆ ಬಂದರೆ ಮಾತ್ರ ಬ್ಯಾಂಕು ಕಣ್ಣೆತ್ತಿ ನೋಡುತ್ತದೆ.

ಈಗ ಬುನಾದಿಗೆ ಬರೋಣ. ನಮ್ಮ ಜಿಲ್ಲೆಯ ಮನೆಗಳು ನಿಜವಾಗಿ ಸೋಲುವುದು ಇಲ್ಲಿ.

ರಾಜ್ಯದ ವಸತಿ ಯೋಜನೆಗಳಲ್ಲಿ ಸಹಾಯಧನ ಬರುವುದು ತಳಪಾಯ, ಲಿಂಟೆಲ್ (ಬಾಗಿಲು ಕಿಟಕಿಗಳ ಮೇಲಿನ ಪಟ್ಟಿ), ಛಾವಣಿ, ಪೂರ್ಣ ಎಂಬ ನಾಲ್ಕು ಹಂತಗಳಲ್ಲಿ, ಪ್ರತಿ ಹಂತಕ್ಕೂ ಜಿಪಿಎಸ್ ಫೋಟೊ ಆದ ಮೇಲೆ. ಅಂದರೆ ಮೊದಲ ಕಂತು ಬರುವುದಕ್ಕೆ ಮೊದಲೇ ತಳಪಾಯ ಸ್ವಂತ ದುಡ್ಡಿನಲ್ಲಿ ಮುಗಿದಿರಬೇಕು. ಕೂಲಿಯವರ ಹತ್ತಿರ ಆ ದುಡ್ಡಿಲ್ಲ. ಸಾಲ ತೆಗೆಯುತ್ತಾರೆ, ಮೊದಲ ಕಂತು ಸಾಲಕ್ಕೆ ಹೋಗುತ್ತದೆ, ಲಿಂಟೆಲ್‌ಗೆ ಮತ್ತೆ ಸಾಲ. ಈ ಬಡ್ಡಿ ಯಾವ ಅಂದಾಜುಪಟ್ಟಿಯಲ್ಲೂ ಇಲ್ಲ. ಅದನ್ನು ಉಳಿಸಲೆಂದು ಜನ ಎರಡಡಿ ತೋಡಿ ಪಾಯ ಎಬ್ಬಿಸುತ್ತಾರೆ. ಕಲಬುರಗಿಯ ಎರೆಮಣ್ಣಿನಲ್ಲಿ ಅದಕ್ಕಿಂತ ದುಬಾರಿ ಉಳಿತಾಯ ಬೇರೆಯಿಲ್ಲ. ಮಳೆಗೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪಾಯ ಅದರ ಜೊತೆ ಏರಿ ಇಳಿಯುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು.

ಗಟ್ಟಿ ಮೊರಂ (ಗರಸು ಮಣ್ಣು) ಸಿಗುವ ತನಕ ತೋಡಬೇಕು. ಐದಾರು ಅಡಿಗೂ ಸಿಗದಿದ್ದರೆ ಎಂಜಿನಿಯರನ್ನು ಕೇಳದೆ ಮುಂದೆ ಹೋಗಬಾರದು. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದೆ: ಬುಡದಲ್ಲಿ ಗಂಟೆಯಂತೆ ಅಗಲವಾದ, ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳದ ಕಾಂಕ್ರೀಟ್ ಕಂಬ. ತೋಡಿದ ಎರೆಮಣ್ಣನ್ನೇ ಮತ್ತೆ ಪಾಯದೊಳಗೆ ತುಂಬುವುದು ಎಲ್ಲರೂ ಮಾಡುವ ತಪ್ಪು. ಗೋಡೆ ಉಳಿದರೂ ನೆಲದ ಪರ್ಸಿ ಎದ್ದುಬರುತ್ತದೆ. ಮೊರಂ ತಂದು, ಅರ್ಧ ಅಡಿಗೊಮ್ಮೆ ನೀರು ಹಾಕಿ ಧಮ್ಮಸ್ ಹೊಡೆಯಬೇಕು. ಪ್ಲಿಂತ್ ಬೀಮ್ (ಪಾಯದ ಮೇಲಿನ ಕಾಂಕ್ರೀಟ್ ಪಟ್ಟಿ) ಬಿಡಬಾರದು, ಲಿಂಟೆಲ್ ಪಟ್ಟಿ ನಾಲ್ಕೂ ಗೋಡೆಗೆ ಕೂಡಿರಬೇಕು. ಮನೆ ಸುತ್ತ ಮೂರಡಿ ಅಗಲ ಶಹಾಬಾದ್ ಕಲ್ಲು ಹಾಸಿ ಹೊರಗಿಳಿಜಾರು ಕೊಡಬೇಕು. ಬಚ್ಚಲ ನೀರು ಗೋಡೆ ಬುಡಕ್ಕೇ ಬಿಟ್ಟಲ್ಲಿ ಆ ಮೂಲೆಯೇ ಮೊದಲು ಸೀಳುತ್ತದೆ, ಬೇಕಾದರೆ ಯಾವ ಕಾಲೊನಿಗಾದರೂ ಹೋಗಿ ನೋಡಿ. ಬೀದರ್ ಕಡೆಯ ಕೆಂಪುಕಲ್ಲಿನ ನೆಲದಲ್ಲಿ ಈ ತಾಪತ್ರಯವಿಲ್ಲ. ಆದರೆ ಸಹಾಯಧನ ಮಾತ್ರ ಎರಡೂ ಕಡೆ ಒಂದೇ. ಎರೆಭೂಮಿಗೆ ತಳಪಾಯದ ಹೆಚ್ಚುವರಿ ಕೊಡಬೇಕೆಂಬುದು ನಮ್ಮ ಮೊದಲ ಬೇಡಿಕೆ.

ಲೆಕ್ಕವನ್ನೂ ನೋಡಿ. ನಗರ 2.0ರಲ್ಲಿ ಕೇಂದ್ರದ್ದು 1.5 ಲಕ್ಷ, ರಾಜ್ಯದ್ದು ಕನಿಷ್ಠ 1 ಲಕ್ಷ, ಒಟ್ಟು 2.5 ಲಕ್ಷ ರೂಪಾಯಿ. ಮನೆ ಕನಿಷ್ಠ 30 ಚದರ ಮೀಟರ್, ಅಂದರೆ 323 ಚದರಡಿ. ಚದರಡಿಗೆ 1,500 ರೂಪಾಯಿ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ 4.84 ಲಕ್ಷ. ಉಳಿದ 2.34 ಲಕ್ಷ ಎಲ್ಲಿಂದ ಬರಬೇಕು? ಈ ಅಂತರವನ್ನು ಸಮಿತಿ ತುಂಬಲಾರದು, ಆದರೆ ಕಿರಿದು ಮಾಡಬಲ್ಲದು. ಎಂಟು ಹತ್ತು ಮನೆ ಒಂದೇ ವಾರ ಶುರು ಮಾಡಿಸಿದರೆ ಜೆಸಿಬಿ ಬಾಡಿಗೆ ಹಂಚಿಹೋಗುತ್ತದೆ, ಮೊರಂ ಟಿಪ್ಪರ್ ಲೆಕ್ಕದಲ್ಲಿ, ಸಿಮೆಂಟ್ ಲಾರಿ ಲೆಕ್ಕದಲ್ಲಿ ಬರುತ್ತದೆ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಗಳ ಮಗ್ಗುಲಲ್ಲೇ ಇದ್ದು ಚಿಲ್ಲರೆ ಅಂಗಡಿಯಲ್ಲಿ ಎರಡೆರಡು ಚೀಲ ಕೊಳ್ಳುವುದು ಎಂಥ ವಿಪರ್ಯಾಸ. ಎಲ್ಲ ಮನೆಯೂ ಒಂದೇ ಹಂತದಲ್ಲಿದ್ದರೆ ಎಂಜಿನಿಯರ್ ಒಂದೇ ದಿನ ಬಂದು ಎಲ್ಲದರ ಫೋಟೊ ತೆಗೆದುಕೊಂಡು ಹೋಗಬಹುದು. ಒಂದೊಂದು ಮನೆಗೆ ಒಂದೊಂದು ಸಲ ಕರೆಯಬೇಕಾದಾಗಲೇ ‘ಸಾಹೇಬರ ಚಹಾ ಖರ್ಚು’ ಹುಟ್ಟಿಕೊಳ್ಳುವುದು. ಮಂಜೂರಾದ ಜಾಗ ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ಕಟ್ಟಿದರೆ ಜಿಪಿಎಸ್ ತಾಳೆಯಾಗದೆ ಕಂತು ನಿಲ್ಲುತ್ತದೆ ಎಂಬುದನ್ನೂ ಗುದ್ದಲಿ ಪೂಜೆಯ ದಿನವೇ ಹೇಳಬೇಕು. ಗಡುವಿನಲ್ಲಿ ಶುರುವಾಗದ ಮನೆ ಬ್ಲಾಕ್ ಆಗುತ್ತದೆ, ಅನ್‌ಬ್ಲಾಕ್ ಮಾಡಿಸುವುದು ಮನೆ ಕಟ್ಟುವುದಕ್ಕಿಂತ ದೊಡ್ಡ ಓಡಾಟ.

ಬಾಡಿಗೆ ಮನೆಯ ನ್ಯಾಯದ ಮಾತು ಯಾವ ಸಭೆಯ ಅಜೆಂಡಾದಲ್ಲೂ ಇರುವುದಿಲ್ಲ. ಶರಣಬಸವೇಶ್ವರರ ಗುಡಿ, ಬಂದೇನವಾಜರ ದರ್ಗಾ ಎರಡನ್ನೂ ಹೆಮ್ಮೆಯಿಂದ ತೋರಿಸುವ ಊರು ನಮ್ಮದು. ಪಡಸಾಲೆಯಲ್ಲಿ ಬಸವಣ್ಣನ ಫೋಟೊ ಇರುವ ಮನೆಯ ಗೇಟಿನಲ್ಲೇ ‘ನಿಮ್ಮದು ಯಾವ ಮಂದಿ?’ ಎಂಬ ಪ್ರಶ್ನೆಯೂ ಇದೆ. ದಲಿತರಿಗೆ, ಮುಸ್ಲಿಮರಿಗೆ, ಗಂಡ ಬಿಟ್ಟ ಹೆಂಗಸಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಖೋಲಿ ಇದ್ದಕ್ಕಿದ್ದಂತೆ ‘ನಿನ್ನೆಯೇ ಹೋಯಿತು’. ಅಸ್ಪೃಶ್ಯತೆಯ ಕಾರಣಕ್ಕೆ ಯಾವ ಬಡಾವಣೆಯಲ್ಲಾಗಲಿ ವಾಸದ ಮನೆ ಕಟ್ಟುವುದಕ್ಕೆ, ಕೊಳ್ಳುವುದಕ್ಕೆ, ಇರುವುದಕ್ಕೆ ಅಡ್ಡಿ ಮಾಡುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಅಪರಾಧ. ದೂರಿಗೆ 14566 ಸಹಾಯವಾಣಿ ಇದೆ. ಆದರೆ ನಿರಾಕರಣೆ ಬಾಯಿಮಾತಿನಲ್ಲಿ ಆಗುವುದರಿಂದ ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಸಮಿತಿ ಇನ್ನೊಂದು ಪುಟ ಇಡಬೇಕು: ಜಾತಿ ಧರ್ಮ ಕೇಳದೆ, ಬರಹದಲ್ಲಿ ಕರಾರು ಮಾಡಿ, ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳದೆ, ಬಾಡಿಗೆಗೆ ರಸೀದಿ ಕೊಡಲು ಒಪ್ಪಿದ ಮಾಲೀಕರದ್ದು. ಎರಡು ತಿಂಗಳೆಂಬುದು ನಮ್ಮ ಕಲ್ಪನೆಯಲ್ಲ, 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿರುವ ಮಿತಿ. ಅದು ಇಲ್ಲಿ ಮಾಲೀಕರನ್ನು ಕಟ್ಟಿಹಾಕದಿದ್ದರೂ ಕೇಳಲಿಕ್ಕೆ ಒಂದು ಅಳತೆಯಾಗುತ್ತದೆ.

ಕರೆಂಟಿನದ್ದು ಸಣ್ಣ ವಿಷಯವೆಂದು ಬಿಡಬೇಡಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಚಾಲನೆ ಸಿಕ್ಕಿದ್ದು ಇದೇ ಕಲಬುರಗಿಯಲ್ಲಿ, ಬಾಡಿಗೆದಾರರಿಗೂ ಅದು ಅನ್ವಯ. ಆದರೆ ಮೂರು ಖೋಲಿಗೆ ಒಂದೇ ಮೀಟರ್ ಇದ್ದರೆ ಬಳಕೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ಬರುತ್ತದೆ, ಮೂವರಿಗೂ ಲಾಭ ತಪ್ಪುತ್ತದೆ. ಖೋಲಿಗೊಂದು ಆರ್‌ಆರ್ ಸಂಖ್ಯೆ (ಪ್ರತ್ಯೇಕ ಮೀಟರಿನ ಸಂಪರ್ಕ ಸಂಖ್ಯೆ) ಮಾಡಿಸಲು ಮಾಲೀಕರನ್ನು ಒಪ್ಪಿಸಿದರೆ ಪ್ರತಿ ಸಂಸಾರಕ್ಕೂ ತಿಂಗಳ ಬಾಡಿಗೆಯಲ್ಲೇ ಒಂದಿಷ್ಟು ಇಳಿದಂತೆ.

ಸಮಿತಿಗಳು ಕೆಡುವುದು ಹೇಗೆಂದೂ ಹೇಳಬೇಕು. ಹೊರಗಿನ ದಲ್ಲಾಳಿಯನ್ನು ಓಡಿಸಿದ ಸಮಿತಿ ಸ್ವಲ್ಪ ದಿನದಲ್ಲಿ ತಾನೇ ‘ಫೈಲ್ ಖರ್ಚು’ ಎತ್ತತೊಡಗುತ್ತದೆ. ಜೆರಾಕ್ಸ್ ದುಡ್ಡು ಕೂಡ ಸಮಿತಿಯ ಕೈಗೆ ಬರಬಾರದು, ಅರ್ಜಿದಾರರೇ ಅಂಗಡಿಗೆ ಕೊಡಲಿ. ಸದಸ್ಯರ ಸಂಬಂಧಿಕರ ಅರ್ಜಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ಬರೆಯಬೇಕು. ಸಭೆ ಸಂಜೆ ಏಳರ ಮೇಲೆ ಇಡಿ. ಹಗಲು ಇಟ್ಟರೆ ಕೂಲಿ ಬಿಟ್ಟು ಯಾರೂ ಬರುವುದಿಲ್ಲ, ಬಿಡುವಿದ್ದವರೇ ಓಣಿಯ ಪರವಾಗಿ ಮಾತಾಡಿ ಮುಗಿಸುತ್ತಾರೆ. ನಡಾವಳಿಯನ್ನು ಕನ್ನಡದಲ್ಲೂ ದಖ್ಖನಿ ಉರ್ದುವಿನಲ್ಲೂ ಓದಿ ಹೇಳಬೇಕು.

ಇನ್ನು ಆಡಳಿತಕ್ಕೆ ನಮ್ಮ ಎರಡನೇ ಬೇಡಿಕೆ. ಆಶ್ರಯ ಸಮಿತಿ ಆಯ್ಕೆಪಟ್ಟಿಯನ್ನು ಅಂಟಿಸಿದರೆ ಸಾಲದು. ತಿರಸ್ಕೃತ ಅರ್ಜಿಗಳ ಪಟ್ಟಿಯನ್ನೂ ಅರ್ಜಿ ಸಂಖ್ಯೆ, ಒಂದು ಸಾಲಿನ ಕಾರಣ ಸಮೇತ ವಾರ್ಡ್ ಕಚೇರಿಯ ಗೋಡೆಗೆ ಹಚ್ಚಬೇಕು. ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸಹಾಯಧನ ಯೋಜನೆಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಲು ಹೇಳುತ್ತದೆ. ಅದಕ್ಕಾಗಿ ಪ್ರತಿಯೊಬ್ಬರೂ 10 ರೂಪಾಯಿ ಶುಲ್ಕ ಕಟ್ಟಿ 30 ದಿನ ಕಾಯಬೇಕೆ? ‘ಪಡಿತರ ಚೀಟಿ ಬೇರೆಯಿಲ್ಲ’ ಎಂಬ ಮೂರು ಪದ ಗೋಡೆ ಮೇಲಿದ್ದರೆ ಆ ಸಂಸಾರಕ್ಕೆ ಮುಂದಿನ ಪಟ್ಟಿಯೊಳಗೆ ಮಾಡಬೇಕಾದ ಕೆಲಸ ಯಾವುದೆಂದು ಗೊತ್ತಾಗುತ್ತದೆ.

ಇಂತಿ,
ಬಡಾವಣೆ ವಸತಿ ಸಮಿತಿಯ ಸದಸ್ಯರು,
ಕಲಬುರಗಿ