ಅವ್ವನಿಗೆ, ಗ್ಲಾಸ್ಗೋದಿಂದ

ಗ್ಲಾಸ್ಗೋ,
ಏಪ್ರಿಲ್ 19, 2026, ರವಿವಾರ

ಪ್ರೀತಿಯ ಅವ್ವಾ,

ನಿನಗೂ ಅಪ್ಪಾಜಿಗೂ ನಮಸ್ಕಾರ. ನಾವು ಮೂವರೂ ಆರಾಮ ಇದ್ದೇವೆ. ಪುಟ್ಟಿಯ ಕೆಮ್ಮು ಪೂರ್ತಿ ಹೋಯಿತು, ಅದರ ಚಿಂತೆ ಬಿಡು.

ನಾವು ಎಡಿನ್‌ಬರ್ಗ್ ಬಿಟ್ಟು ಗ್ಲಾಸ್ಗೋಗೆ ಬಂದದ್ದರ ಬಗ್ಗೆ ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದು ಮನಸ್ಸಿನಲ್ಲೇ ಉಳಿದಿದೆ. "ಅಷ್ಟು ಚೆಂದದ ಊರು ಬಿಟ್ಟು ಆ ಕಾರ್ಖಾನೆ ಊರಿಗೆ ಯಾಕೆ ಹೋದ್ರಿ?" ಅಂದೆ. ನಾನು ಅಡುಗೆಯ ಗಡಿಬಿಡಿಯಲ್ಲಿ "ಬಾಡಿಗೆ ಜಾಸ್ತಿ ಆಗಿತ್ತವ್ವಾ" ಎಂದು ಹೇಳಿ ಮಾತು ಮುಗಿಸಿದೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ. ಮೂರು ವರ್ಷ ನೀನು ಓಣಿಯ ಮಂದಿಗೆಲ್ಲ "ನನ್ನ ಮಗಳ ಮನೆ ಕಿಟಕಿಯಿಂದ ಕೋಟೆ ಕಾಣ್ತದೆ" ಎಂದು ಹೇಳಿಕೊಂಡು ಬಂದವಳು. ನಿನಗೆ ಸಮಾಧಾನವಾಗಿ ಕೂತು ಹೇಳಬೇಕು ಅನ್ನಿಸಿತು. ಪುಟ್ಟಿ ಮಲಗಿದ್ದಾಳೆ, ಹೊರಗೆ ಮಳೆ.

ಧಾರವಾಡದ ಮಾಳಮಡ್ಡಿಯಲ್ಲಿ ಬೆಳೆದು ಹುಬ್ಬಳ್ಳಿಯ ದಾಜಿಬಾನ ಪೇಟೆಗೆ ಸೊಸೆಯಾಗಿ ಬಂದ ನಿನಗೆ ಸ್ಕಾಟ್ಲೆಂಡಿನ ಈ ಎರಡು ಊರುಗಳನ್ನು ತಿಳಿಸಿ ಹೇಳುವುದು ಭಾಳ ಸುಲಭ. ಎಡಿನ್‌ಬರ್ಗ್ ಧಾರವಾಡ, ಗ್ಲಾಸ್ಗೋ ಹುಬ್ಬಳ್ಳಿ. ಅಲ್ಲಿ ಕೋರ್ಟು, ಪಾರ್ಲಿಮೆಂಟು, ವಕೀಲರು, ಬ್ಯಾಂಕಿನವರು, ಮೆಲುದನಿಯ ಮಾತು. ಇಲ್ಲಿ ಹಡಗು ಕಟ್ಟಿದವರು, ರೈಲು ಎಂಜಿನ್ ಮಾಡಿದವರು, ವ್ಯಾಪಾರಸ್ಥರು, ದೊಡ್ಡ ಗಂಟಲು. ನಮ್ಮ ಎರಡು ಊರುಗಳ ನಡುವೆ 20 ಕಿಲೋಮೀಟರ್, ಇವುಗಳ ನಡುವೆ ಸುಮಾರು 75. ನಮ್ಮವು 1962ರಿಂದ ಒಂದೇ ಮಹಾನಗರ ಪಾಲಿಕೆಯಡಿ ಬಾಳಿದವು. ಹೋದ ವರ್ಷ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಸಚಿವ ಸಂಪುಟ ಒಪ್ಪಿದಾಗ ನೀನು ಫೋನು ಮಾಡಿ ಮದುವೆ ಸುದ್ದಿ ಹೇಳುವಂತೆ ಹೇಳಿದ್ದೆ. ಇಲ್ಲಿನ ಎರಡು ಊರುಗಳು ಒಂದು ದಿನವೂ ಒಂದೇ ಪಾಲಿಕೆಯಲ್ಲಿ ಇರಲಿಲ್ಲ. ಆದರೂ ಒಬ್ಬರ ಮೇಲೊಬ್ಬರಿಗೆ ಅದೇ ಪೈಪೋಟಿ. "ಎಡಿನ್‌ಬರ್ಗಿನಲ್ಲಿ ಯಾರ ಮನೆಗೆ ಹೋದರೂ, ಚಹಾ ಕುಡಿದೇ ಬಂದಿರ್ತೀರಲ್ಲ ಅಂತ ಕೇಳ್ತಾರೆ" ಎಂದು ಇಲ್ಲಿಯವರು ಆಡಿಕೊಳ್ಳುತ್ತಾರೆ. ಆ ಮಾತು ನನಗೆ ಸರಿ ಕಾಣುವುದಿಲ್ಲ. ನಮ್ಮ ಮೊದಲ ಚಳಿಗಾಲದಲ್ಲಿ ಕೆಳಗಿನ ಮನೆಯ ಅಜ್ಜ ಕೇಳದೇ ಬಂದು ನಮ್ಮ ಬಾಗಿಲ ಮುಂದಿನ ಹಿಮ ಸರಿಸಿಕೊಟ್ಟಿದ್ದರು.

ಎಡಿನ್‌ಬರ್ಗಿನ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ವೇವರ್ಲಿ ಸ್ಟೇಶನ್ನಿನಿಂದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಅತ್ತ ಕಪ್ಪು ಬಂಡೆ, ಬಂಡೆಯ ನೆತ್ತಿಯ ಮೇಲೆ ಕೋಟೆ. ಪ್ರಿನ್ಸಸ್ ಸ್ಟ್ರೀಟಿನಲ್ಲಿ ಅಂಗಡಿ ಸಾಲು ಇರುವುದು ಒಂದೇ ಮಗ್ಗುಲಿಗೆ. ಇನ್ನೊಂದು ಮಗ್ಗುಲಿಗೆ ತೋಟ ಬಿಟ್ಟಿದ್ದಾರೆ, ಹಾಗಾಗಿ ನಡೆಯುವಷ್ಟು ಹೊತ್ತೂ ಕೋಟೆ ಕಾಣುತ್ತಲೇ ಇರುತ್ತದೆ. ಆ ತೋಟದ ಜಾಗದಲ್ಲಿ ಮೊದಲು ಕೆರೆ ಇತ್ತು. ಹಳೇ ಊರು, ಹೊಸ ಊರು ಎರಡನ್ನೂ ಯುನೆಸ್ಕೋ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಊರೊಳಗೇ ಆರ್ಥರ್ಸ್ ಸೀಟ್ ಎಂಬ 251 ಮೀಟರ್ ಎತ್ತರದ ಗುಡ್ಡ ಇದೆ, ಯಾವ ಕಾಲದಲ್ಲೋ ಆರಿಹೋದ ಜ್ವಾಲಾಮುಖಿ ಅದು. ರವಿವಾರ ಬಿಟ್ಟು ದಿನಾ ಮಧ್ಯಾಹ್ನ ಒಂದಕ್ಕೆ ಕೋಟೆಯಿಂದ ತೋಪು ಹಾರಿಸುತ್ತಾರೆ. ಹಡಗಿನವರು ಗಡಿಯಾರ ಹೊಂದಿಸಿಕೊಳ್ಳಲಿ ಎಂದು 1861ರಲ್ಲಿ ಶುರು ಮಾಡಿದ್ದಂತೆ. ಪುಟ್ಟಿ ಅದನ್ನು ಊಟದ ಗಂಟೆ ಅಂತಲೇ ತಿಳಿದಿದ್ದಳು.

ಆದರೆ ನಮ್ಮ ಮೆಟ್ಟಿಲಿನ ಕಥೆ ಕೇಳು. ಆ ಕಟ್ಟಡದಲ್ಲಿ ಎಂಟು ಮನೆ. ಐದು ಮನೆಗಳ ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಒಂದು ಸಣ್ಣ ಕಬ್ಬಿಣದ ಡಬ್ಬಿ. ಊರು ನೋಡಲು ಬಂದವರು ಅದರೊಳಗಿನ ಕೀಲಿಕೈ ತೆಗೆದುಕೊಂಡು ಒಳಗೆ ಹೋಗುತ್ತಾರೆ. ಮೂರು ದಿನವಾದ ಮೇಲೆ ಮತ್ತೆ ಅದರಲ್ಲೇ ಇಟ್ಟು ಹೋಗುತ್ತಾರೆ. ಮನೆಯವರ ಮುಖ ಅವರೂ ನೋಡಿರುವುದಿಲ್ಲ, ನಾವೂ ನೋಡಿರುವುದಿಲ್ಲ. ಒಂದು ಸಂಜೆ ಪುಟ್ಟಿ ಎದುರು ಮನೆಗೆ ಬಂದಿದ್ದ ಒಬ್ಬ ಹುಡುಗಿಯ ಜೊತೆ ಮೆಟ್ಟಿಲ ಮೇಲೆ ಕೂತು ಆಡಿದಳು. ಮರುದಿನ ತನ್ನ ಗೊಂಬೆ ಹಿಡಿದುಕೊಂಡು ಹೋಗಿ ಬಾಗಿಲು ಬಡಿದಳು. ಗಡ್ಡದ ಮನುಷ್ಯ ಒಬ್ಬ ತೆರೆದ. ಆ ಹುಡುಗಿ ಬೆಳಿಗ್ಗೆಯೇ ಊರು ಬಿಟ್ಟಿದ್ದಳು. ಪುಟ್ಟಿ ಅಳಲಿಲ್ಲ. ಒಳಗೆ ಬಂದು ಗೊಂಬೆಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಅವತ್ತೇ ನಾನು ಇವರಿಗೆ ಹೇಳಿದೆ, ಇಲ್ಲಿ ಇನ್ನು ಇರುವುದು ಬೇಡ ಎಂದು.

ಆಗಸ್ಟ್ ತಿಂಗಳಂತೂ ಕೇಳಬೇಡ. 1947ರಿಂದ ಅಲ್ಲಿ ನಾಟಕ, ಸಂಗೀತದ ದೊಡ್ಡ ಉತ್ಸವ ನಡೆಯುತ್ತದೆ. ಜಗತ್ತಿನ ಕಲಾವಿದರೆಲ್ಲ ಬರುತ್ತಾರೆ. ನೋಡಲು ಹೋದವರಿಗೆ ಅದು ಹಬ್ಬವೇ. ಅಲ್ಲೇ ಇರುವವರಿಗೆ ನಡುರಾತ್ರಿಯವರೆಗೂ ಕಲ್ಲುಹಾಸಿನ ಮೇಲೆ ಸೂಟ್‌ಕೇಸಿನ ಗಾಲಿ ಉರುಳುವ ಸದ್ದು, ಬಾಡಿಗೆ ಏರಿಸಲು ಮಾಲೀಕನಿಗೆ ಒಂದು ನೆಪ.

ಇನ್ನೊಂದು ಅನುಕೂಲವೂ ಕೂಡಿಬಂತು. ನನ್ನ ಆಫೀಸು ಈಗಲೂ ಎಡಿನ್‌ಬರ್ಗಿನಲ್ಲೇ, ವಾರಕ್ಕೆ ಎರಡು ದಿನ ಹೋದರೆ ಸಾಕು. ಇಲ್ಲಿನ ಕ್ವೀನ್ ಸ್ಟ್ರೀಟ್ ಸ್ಟೇಶನ್ನಿನಿಂದ ವೇವರ್ಲಿಗೆ ರೈಲಿನಲ್ಲಿ ಸುಮಾರು 50 ನಿಮಿಷ. ಬೆಳಿಗ್ಗೆ, ಸಂಜೆ ಆಫೀಸಿನ ಹೊತ್ತಿನಲ್ಲಿ ಟಿಕೆಟ್ ದುಬಾರಿ ಇತ್ತು. ಹೋದ ಸೆಪ್ಟೆಂಬರ್ 1ರಿಂದ ಸ್ಕಾಟ್ಲೆಂಡಿನಲ್ಲಿ ಆ ಹೆಚ್ಚುವರಿ ದರವನ್ನೇ ತೆಗೆದುಹಾಕಿದರು. ನನ್ನ ಖರ್ಚು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಕ್ಟೋಬರಿನಲ್ಲಿ ಮನೆ ಹಿಡಿದೆವು.

ಈ ಮನೆ ಕೆಂಪು ಕಲ್ಲಿನ ನಾಲ್ಕು ಅಂತಸ್ತಿನ ಕಟ್ಟಡದಲ್ಲಿದೆ, ನಮ್ಮದು ಮೂರನೇ ಮಹಡಿ. ನಮ್ಮ ಕಡೆಯ ಚಾಳ ಇದ್ದಂತೆ, ಎಲ್ಲರಿಗೂ ಒಂದೇ ಮೆಟ್ಟಿಲು. ಅದಕ್ಕೆ ಇವರು 'ಕ್ಲೋಸ್' ಎನ್ನುತ್ತಾರೆ. ಗೋಡೆಗೆ ಎದೆಮಟ್ಟದವರೆಗೆ ಹಸಿರು ಟೈಲ್ಸು, ನೂರು ವರ್ಷ ದಾಟಿದ್ದು, ಒರೆಸಿದರೆ ಈಗಲೂ ಮುಖ ಕಾಣುತ್ತದೆ. ಸಾಮಾನು ಹೊತ್ತುಕೊಂಡು ಹತ್ತುತ್ತಿದ್ದ ದಿನ ಎರಡನೇ ಮಹಡಿಯ ಅಜ್ಜಿ ಬಾಗಿಲು ತೆರೆದಿಟ್ಟುಕೊಂಡು ಅಲ್ಲೇ ನಿಂತಿದ್ದರು. "ಕಮ್ ಇನ್, ಹೆನ್" ಎಂದು ನನ್ನ ಕೈಯಿಂದ ಕುಕ್ಕರಿನ ಡಬ್ಬ ಕಸಿದುಕೊಂಡರು. ಹೆನ್ ಅಂದರೆ ಕೋಳಿ ಅಲ್ಲವಾ, ಇವರೇಕೆ ಹೀಗೆ ಕರೆದರು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ನೀನು ತರಕಾರಿಯವಳ ಸಣ್ಣ ಮಗಳಿಗೂ "ಬಾ ಯವ್ವಾ" ಅನ್ನುತ್ತೀಯಲ್ಲ, ಅದೇ ಅದು.

ಫೆಬ್ರುವರಿಯಲ್ಲಿ ಒಂದು ದಿನ ನಾನು ಎಡಿನ್‌ಬರ್ಗಿನಲ್ಲಿದ್ದಾಗ ಬಿರುಗಾಳಿ ಬಂದು ರೈಲು ನಿಂತವು. ಇವರು ಲಂಡನ್ನಿಗೆ ಹೋಗಿದ್ದರು. ಶಾಲೆ ಬಿಡುವುದು ಮೂರಕ್ಕೆ. ಸ್ಟೇಶನ್ನಿನಲ್ಲಿ ನಿಂತು ಅಜ್ಜಿಗೆ ಫೋನು ಮಾಡಿದೆ. ನನ್ನ ಮಾತು ಮುಗಿಯುವುದರೊಳಗೆ ಅವರು ಕೋಟು ಹಾಕಿಕೊಳ್ಳುತ್ತಿದ್ದ ಸದ್ದು ಕೇಳಿಸಿತು. ನಾನು ಮನೆ ಮುಟ್ಟಿದಾಗ ರಾತ್ರಿ ಹನ್ನೊಂದು. ಪುಟ್ಟಿ ಅವರ ಸೋಫಾದ ಮೇಲೆ ಅವರ ಶಾಲು ಹೊದ್ದು ಮಲಗಿದ್ದಳು. ಅವಳ ಒದ್ದೆ ಕಾಲುಚೀಲ ಹೀಟರಿನ ಮೇಲೆ ಒಣಗುತ್ತಿದ್ದವು. ನನಗೆ ಆಗ ನೀನು ಹೇಳುತ್ತಿದ್ದ ಮಾತು ನೆನಪಾಯಿತು. ನಾನು ಎರಡು ವರ್ಷದ ಕೂಸಾಗಿದ್ದಾಗ ನಡುರಾತ್ರಿ ಜ್ವರ ಏರಿ, ಅಪ್ಪಾಜಿ ರಾತ್ರಿ ಪಾಳಿಗೆ ಹೋಗಿದ್ದರಲ್ಲ. ಆ ಓಣಿಯಲ್ಲಿ ನೀನು ಒಂದು ಬಾಗಿಲು ಬಡಿದರೆ ನಾಲ್ಕು ಬಾಗಿಲು ತೆರೆದವು ಎಂದು. "ಅವತ್ತು ಹುಬ್ಬಳ್ಳಿ ನನ್ನ ಊರಾಯ್ತು" ಅನ್ನುತ್ತಿದ್ದೆ. ಹಾಗಂತ ಧಾರವಾಡವನ್ನು ಬಿಟ್ಟುಕೊಟ್ಟೆಯಾ? ಈಗಲೂ ಬಸ್ಸು ನವಲೂರಿನ ಹತ್ತಿರ ಬಂದು ಪೇರಲ ಹಣ್ಣಿನ ಬುಟ್ಟಿ ಕಂಡರೆ ನಿನ್ನ ಮುಖವೇ ಬೇರೆ ಆಗುತ್ತದೆ. ನನಗೂ ವೇವರ್ಲಿಯಲ್ಲಿ ಇಳಿದಾಗ ಹಾಗೇ ಆಗುತ್ತದೆ.

ಗ್ಲಾಸ್ಗೋದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಮಳೆ ಮಾತ್ರ ನಮ್ಮ ಊರುಗಳಿಗಿಂತ ಉಲ್ಟಾ. ಅಲ್ಲಿ ಧಾರವಾಡಕ್ಕೆ ಜಾಸ್ತಿ, ಇಲ್ಲಿ ಗ್ಲಾಸ್ಗೋಗೆ ಎಡಿನ್‌ಬರ್ಗಿನ ಒಂದೂವರೆ ಪಟ್ಟು. ಊರ ನಡುವೆಯೇ ದೊಡ್ಡ ಮೋಟಾರು ಹೆದ್ದಾರಿ ಸೀಳಿಕೊಂಡು ಹೋಗಿದೆ. ಒಂದು ಕಾಲಕ್ಕೆ ಮೆರೆದ ಸಾಕಿಹಾಲ್ ಸ್ಟ್ರೀಟಿನಲ್ಲಿ ಎಷ್ಟೋ ಅಂಗಡಿಗಳಿಗೆ ಹಲಗೆ ಬಡಿದಿದ್ದಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬಸ್ಸಿನ ವಿಷಯದಲ್ಲೂ ಎಡಿನ್‌ಬರ್ಗೇ ಮೇಲು. ಅಲ್ಲಿ ಲೋಥಿಯನ್ ಬಸ್ಸು ಪಾಲಿಕೆಗಳ ಒಡೆತನದ್ದು, ಇಲ್ಲಿ ಖಾಸಗಿಯವರದ್ದು. ಆದರೆ ಇಲ್ಲಿ 1896ರ ಸುರಂಗ ರೈಲು ಇದೆ. ಹದಿನೈದೇ ಸ್ಟೇಶನ್ನು, ಗುಂಡಗೆ ಸುತ್ತುತ್ತದೆ. ತಪ್ಪು ದಿಕ್ಕಿನದು ಹತ್ತಿದರೂ ನಿನ್ನ ಸ್ಟೇಶನ್ನು ಬಂದೇ ಬರುತ್ತದೆ.

ನೀರಿನ ಮಾತು ನಿನಗೆ ಹೇಳಲೇಬೇಕು. ಗ್ಲಾಸ್ಗೋದ ನಲ್ಲಿಗೆ ಬರುವುದು ಕ್ಯಾಟ್ರಿನ್ ಎಂಬ ಬೆಟ್ಟದ ಸರೋವರದ ನೀರು. ಕಾಲರಾದಿಂದ ಜನ ಸಾಯುತ್ತಿದ್ದ ಕಾಲದಲ್ಲಿ ಊರಿನವರು ಹಣ ಹಾಕಿ, ಗುಡ್ಡ ಕೊರೆದು, 1859ರಲ್ಲಿ ತಂದ ನೀರು. ಭಾಳ ಮೆತ್ತಗಿನ ನೀರು, ಬೇಳೆ ಲಗೂನೆ ಬೇಯುತ್ತದೆ, ಚಹಾಕ್ಕೆ ಬಣ್ಣ ಬರುತ್ತದೆ. ಅದನ್ನು ಹಿಡಿಯುವಾಗೆಲ್ಲ, ನೀರು ಬಿಡುವ ದಿನ ನೀನು ಬೆಳಗಿನ ನಾಲ್ಕಕ್ಕೆದ್ದು ಡ್ರಮ್ಮು, ಬ್ಯಾರಲ್ಲು ತುಂಬಿಸುವುದು ಕಣ್ಣ ಮುಂದೆ ಬರುತ್ತದೆ. ಇಲ್ಲಿಗೆ ಬಂದಮೇಲೆ ಯಾವುದನ್ನೂ ತುಂಬಿಡಬೇಡ, ಅಷ್ಟೇ.

ಅಪ್ಪಾಜಿಗೆ ಇದನ್ನು ಓದಿ ಹೇಳು. ಅವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಸೇರಿದ ಹೊಸದರಲ್ಲಿ ಮೀಟರ್ ಗೇಜಿನ ಉಗಿ ಎಂಜಿನ್ನುಗಳ ಮೇಲೆ 'ನಾರ್ತ್ ಬ್ರಿಟಿಷ್ ಲೋಕೋಮೋಟಿವ್, ಗ್ಲಾಸ್ಗೋ' ಎಂಬ ಹಿತ್ತಾಳೆ ಫಲಕ ಇರುತ್ತಿತ್ತು ಎನ್ನುತ್ತಿದ್ದರಲ್ಲ, ಆ ಕಂಪನಿ ಈ ಊರಿನದೇ. 1903ರಲ್ಲಿ ಮೂರು ಕಂಪನಿಗಳು ಕೂಡಿ ಆಗಿದ್ದು, 1962ರಲ್ಲಿ ಮುಚ್ಚಿಹೋಯಿತು. ಕ್ಲೈಡ್ ನದಿಯ ದಂಡೆಯ ರಿವರ್‌ಸೈಡ್ ಮ್ಯೂಸಿಯಮ್ಮಿನಲ್ಲಿ ಅವರದೇ ಒಂದು ಎಂಜಿನ್ ಇಟ್ಟಿದ್ದಾರೆ. ದಕ್ಷಿಣ ಆಫ್ರಿಕಾಕ್ಕೆ ಕಳಿಸಿದ್ದನ್ನು ವಾಪಸ್ ತಂದದ್ದು. ಅದರ ಗಾಲಿಯ ಪಕ್ಕ ನಿಂತರೆ ನನ್ನ ತಲೆ ಬಾಯ್ಲರಿನವರೆಗೂ ಮುಟ್ಟುವುದಿಲ್ಲ. ಅಲ್ಲಿ ಅಪ್ಪಾಜಿಯನ್ನು ಒಂದು ಇಡೀ ದಿನ ಬಿಟ್ಟುಬಿಡೋಣ. ಟಿಕೆಟ್ ಇಲ್ಲ.

ನಿನ್ನನ್ನು ಕೆಲ್ವಿನ್‌ಗ್ರೋವ್ ಮ್ಯೂಸಿಯಮ್ಮಿಗೆ ಕರೆದೊಯ್ಯುತ್ತೇನೆ, ಅದೂ ಪುಕ್ಕಟೆ. ಎಡಿನ್‌ಬರ್ಗಿನಲ್ಲಿ ತೋಪು ಹಾರುವ ಅದೇ ಮಧ್ಯಾಹ್ನ ಒಂದಕ್ಕೆ ಇಲ್ಲಿ ದೊಡ್ಡ ಆರ್ಗನ್ ನುಡಿಸುತ್ತಾರೆ. ಕೆಳಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತರೆ ಸ್ವರ ಕಾಲಿನಿಂದ ಮೈಗೆ ಏರುತ್ತದೆ. ಅಲ್ಲಿಂದ ಹಿಂದೂ ಮಂದಿರವೂ ಹತ್ತಿರ.

ಎರಡೂ ಊರಿನಲ್ಲಿ ವೆಲ್ಲಿಂಗ್ಟನ್ನಿನ ಕುದುರೆ ಸವಾರಿಯ ಪ್ರತಿಮೆ ಇದೆ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಎಡಿನ್‌ಬರ್ಗಿನವನು ಗತ್ತಿನಿಂದ ಕೂತಿದ್ದಾನೆ. ಗ್ಲಾಸ್ಗೋದವನ ತಲೆಯ ಮೇಲೆ ಮಂದಿ ರಸ್ತೆಗಿಡುವ ಕಿತ್ತಳೆ ಬಣ್ಣದ ಕೋನು ಹಾಕುತ್ತಾರೆ. ತೆಗೆದರೆ ಮತ್ತೆ ಹಾಕುತ್ತಾರೆ. 2013ರಲ್ಲಿ ಪಾಲಿಕೆ ಪೀಠ ಎತ್ತರಿಸಲು ಹೊರಟಾಗ ಊರೇ ಬೇಡವೆಂದಿತು. ದೊಡ್ಡವರ ಮುಂದೆ ತಲೆ ತಗ್ಗಿಸದ ಈ ಊರಿನ ಗುಣ ನನಗೆ ಹಿಡಿಸಿದೆ.

ಊಟದ ವಿಷಯ. ಇಲ್ಲಿನ ಆಲ್ಬರ್ಟ್ ಡ್ರೈವ್ ಎಂಬ ರಸ್ತೆಯಲ್ಲಿ ಮೆಂತ್ಯ, ಕರಿಬೇವು, ಜೋಳದ ಹಿಟ್ಟು ಎಲ್ಲ ಸಿಗುತ್ತದೆ. ಹೊರಗೆ ಬಿಸಿ ಆಲೂಗಡ್ಡೆ ಚಿಪ್ಸ್ ತಿನ್ನುವ ಮನಸ್ಸಾದರೆ ಎಡಿನ್‌ಬರ್ಗಿನಲ್ಲಿ ಉಪ್ಪಿನ ಜೊತೆ ಕಂದು ಬಣ್ಣದ ಹುಳಿ ಸಾಸ್ ಸುರಿಯುತ್ತಾರೆ, ಇಲ್ಲಿ ಉಪ್ಪು, ವಿನೆಗರ್. ಇದರ ಮೇಲೂ ಎರಡು ಊರಿಗೆ ವಾದ ಇದೆ. ಕೆಲವು ಅಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ, ಆದ್ದರಿಂದ ನಾನು ಕೇಳಿ ಹೇಳುವವರೆಗೆ ಏನೂ ಬಾಯಿಗೆ ಹಾಕಬೇಡಿ.

ನೀವು ಜೂನಿನಲ್ಲಿ ಬರುವುದೇ ಒಳ್ಳೆಯದಾಯಿತು. ರಾತ್ರಿ ಹತ್ತರವರೆಗೂ ಬೆಳಕು ಇರುತ್ತದೆ. ಜುಲೈ 23ರಿಂದ ಆಗಸ್ಟ್ 2ರವರೆಗೆ ಇಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು, ಆಗ ಊರು ತುಂಬಿರುತ್ತದೆ. ಎಡಿನ್‌ಬರ್ಗಿನಲ್ಲಿ ಜುಲೈ 24ರಿಂದ ಹೋಟೆಲ್ ರೂಮಿನ ಮೇಲೆ ಶೇ. 5 ತೆರಿಗೆ ಶುರುವಾಗುತ್ತದೆ. ನೀವು ಬಂದ ಮೊದಲ ವಾರವೇ ನಾಲ್ಕು ದಿನ ಅಲ್ಲಿ ರೂಮು ಮಾಡಿದ್ದೇನೆ, ಕೋಟೆ ಕಾಣುವಂಥದ್ದು. ಓಣಿಯವರಿಗೆ ಫೋಟೋ ಕಳಿಸು.

ಕೊಡೆ ತರಬೇಡ, ಇಲ್ಲಿನ ಗಾಳಿಗೆ ಉಲ್ಟಾ ಆಗುತ್ತದೆ. ಟೋಪಿ ಇರುವ ಜಾಕೆಟ್ ನಾನೇ ತಂದಿಟ್ಟಿದ್ದೇನೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಕಡಕ್ ರೊಟ್ಟಿ ತಾ. ಪೇಡೆ ಮಾತ್ರ ಬೇಡವ್ವಾ. ಹಾಲಿನಿಂದ ಮಾಡಿದ್ದನ್ನು ಭಾರತದಿಂದ ಈ ದೇಶದೊಳಗೆ ತರುವ ಹಾಗಿಲ್ಲ, ವಿಮಾನ ನಿಲ್ದಾಣದಲ್ಲೇ ಕಸಿದು ಎಸೆಯುತ್ತಾರೆ. ಧಾರವಾಡದ ಪೇಡೆಯನ್ನು ಕಸದ ಬುಟ್ಟಿಗೆ ಹಾಕುವುದನ್ನು ನೀನು ನೋಡಲಾರೆ. ಹೊರಡುವ ಮೊದಲು ಲೈನ್ ಬಜಾರಿಗೆ ಹೋಗಿ ನನ್ನ ಪಾಲಿನದನ್ನೂ ನೀನೇ ತಿಂದು ಬಾ.

ಕೆಳಗಿನ ಅಜ್ಜಿ ದಿನಾ ಕೇಳುತ್ತಾರೆ, "ಅವ್ವಾ ಯಾವಾಗ ಬರ್ತಾಳೆ" ಎಂದು. ಅವ್ವಾ ಎನ್ನುವುದನ್ನು ಪುಟ್ಟಿ ಕಲಿಸಿದ್ದಾಳೆ.

ನಿನ್ನ ಮಗಳು