ಇಲಿ ಕಾಲೆತ್ತದಿದ್ದರೆ ನೋವಿಲ್ಲವೆಂದಲ್ಲ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಸುದ್ದಿ ಓದಿದೆ. ‘ಬೆನ್ನಿಗೆ ಒಂದೇ ಚುಚ್ಚುಮದ್ದು, ನರದ ನೋವು ಮಾಯ’ ಎಂಬ ತಲೆಬರಹ, ಕೆಳಗೆ ಸಣ್ಣ ಅಕ್ಷರದಲ್ಲಿ ‘ಇಲಿಗಳಲ್ಲಿ’. ಸೊಂಟದಿಂದ ಹಿಮ್ಮಡಿಯವರೆಗೆ ಕೆಂಡ ಎಳೆದಂತಾಗುತ್ತದೆ ಎಂದು ನಾಲ್ಕು ತಿಂಗಳಿಂದ ನರಳುತ್ತಿರುವ ನಿನಗೆ ಆ ಸಣ್ಣ ಅಕ್ಷರ ಕಾಣದಿದ್ದುದು ಸಹಜ. ನೋವಿನ ಸಂಶೋಧನೆಯ ಪ್ರಯೋಗಾಲಯದಲ್ಲಿ ಎರಡು ವರ್ಷ ಇಲಿಗಳೊಂದಿಗೇ ಕಳೆದ ನನಗೆ ಮೊದಲು ಕಂಡದ್ದೇ ಅದು.

ಇಲಿಯ ಡಿಸ್ಕ್ ಜಾರಲೆಂದು ಯಾರೂ ಕಾಯುವುದಿಲ್ಲ. ನೋವನ್ನು ನಾವೇ ತರಿಸುತ್ತೇವೆ. 1988ರಲ್ಲಿ ಬೆನೆಟ್ ಮತ್ತು ಷಿಯೆ ಎಂಬ ಸಂಶೋಧಕರು ತೋರಿಸಿಕೊಟ್ಟ ವಿಧಾನವೇ ನಮ್ಮದೂ: ಅರಿವಳಿಕೆ ಕೊಟ್ಟು, ಸೊಂಟದಿಂದ ಕಾಲಿಗಿಳಿಯುವ ಸಯಾಟಿಕ್ ನರದ ಸುತ್ತ, ತೊಡೆಯ ಬಳಿ, ಕರಗುವ ದಾರದಿಂದ ನಾಲ್ಕು ಸಡಿಲ ಗಂಟು. ನರ ತಾನೇ ಬಾತು ಆ ಗಂಟುಗಳೊಳಗೆ ಬಿಗಿದುಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಇಲಿ ಆ ಪಾದವನ್ನು ಊರಲು ಹಿಂಜರಿಯುತ್ತದೆ.

ಮದ್ದು ಚುಚ್ಚುವುದು ಸೊಂಟದ ಎರಡು ಮೂಳೆಗಳ ನಡುವೆ. ಸೂಜಿ ಸರಿಯಾದ ಜಾಗ ಮುಟ್ಟಿದರೆ ಬಾಲ ಥಟ್ಟನೆ ಅದುರುತ್ತದೆ. ಒಳಹೋಗುವುದು ಹತ್ತು ಮೈಕ್ರೋಲೀಟರ್, ಒಂದು ಹನಿಯ ಐದನೇ ಒಂದು ಪಾಲು. ಬಳಿಕ ಇಲಿಯನ್ನು ಜಾಲರಿಯ ಮೇಲೆ ಬಿಟ್ಟು, ಕೆಳಗಿನಿಂದ ವಾನ್ ಫ್ರೇ ಎಳೆಯನ್ನು (ಗೊತ್ತಾದ ಒತ್ತಡಕ್ಕೆ ಬಾಗುವ ತೆಳು ನೈಲಾನ್ ಎಳೆ) ಪಾದಕ್ಕೆ ತಾಗಿಸಬೇಕು, ಎಳೆ ಬಾಗುವವರೆಗೆ. ನೋವಿರುವ ಇಲಿ ಎರಡು ಮೂರು ಗ್ರಾಂ ಒತ್ತಡಕ್ಕೇ ಕಾಲೆತ್ತಿ, ನೆಕ್ಕಿಕೊಳ್ಳುತ್ತದೆ. ಹದಿನೈದು ಗ್ರಾಂಗೂ ಎತ್ತದಿದ್ದರೆ ‘ನೋವು ಹೋಯಿತು’ ಎಂದು ಬರೆದುಕೊಳ್ಳುತ್ತೇವೆ.

ಹೋಯಿತೇ? ಒಮ್ಮೆ ಒಂದು ಮದ್ದಿಗೆ ಯಾವ ಇಲಿಯೂ ಕಾಲೆತ್ತಲಿಲ್ಲ. ಸಂಭ್ರಮದಿಂದ ಚಹಾ ತರಿಸಿದೆವು. ಮರುದಿನ ಅವನ್ನೇ ತಿರುಗುವ ಕೋಲಿನ ಮೇಲೆ ನಿಲ್ಲಿಸಿದರೆ ಒಂದೊಂದೇ ತೊಪ್ಪನೆ ಬಿದ್ದವು. ನೋವು ಹೋಗಿರಲಿಲ್ಲ, ಕಾಲಿನ ಬಲವೇ ಹೋಗಿತ್ತು. ಆ ಇಲಿಗಳನ್ನೂ ಕೊನೆಗೆ ಕೊಂದೆವು. ಬೆನ್ನುಹುರಿಯನ್ನು ಕೊಯ್ದು ನೋಡಬೇಕಲ್ಲ. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಈಗ ಬೇಡ.

ಆಗ ನಾವು ಬಳಸುತ್ತಿದ್ದುದೆಲ್ಲ ಗಂಡಿಲಿಗಳು. 2015ರಲ್ಲಿ ಕೆನಡಾದ ಸಂಶೋಧಕರು ಬೆನ್ನುಹುರಿಯ ಮೈಕ್ರೋಗ್ಲಿಯಾ ಎಂಬ ರಕ್ಷಣಾ ಕೋಶಗಳನ್ನು ತಡೆಯುವ ಮದ್ದನ್ನು ಸುಂಡಿಲಿಗಳಿಗೆ ಚುಚ್ಚಿದಾಗ ಗಂಡುಗಳ ನೋವು ತಗ್ಗಿತು, ಹೆಣ್ಣುಗಳದ್ದು ತಗ್ಗಲಿಲ್ಲ. ಓದಿದ ದಿನ ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದೆ.

ಹಾಗೆಂದು ಪ್ರಾಣಿಗಳಿಂದ ನಿನಗೇನೂ ಸಿಗಲಿಲ್ಲ ಎಂದುಕೊಳ್ಳಬೇಡ. 1993ರಲ್ಲಿ ಸ್ವೀಡನ್ನಿನ ಓಲ್ಮಾರ್ಕರ್ ಮತ್ತು ರೈಡೆವಿಕ್ ತಂಡ ಹಂದಿಯ ಡಿಸ್ಕಿನೊಳಗಿನ ಲೋಳೆಯನ್ನು ಅದರದೇ ನರಗಳ ಮೇಲೆ ಸುಮ್ಮನೆ ಇರಿಸಿತು. ಎಲ್ಲೂ ಒತ್ತಲಿಲ್ಲ. ಆದರೂ ನರದ ಸಂದೇಶಗಳ ವೇಗ ಕುಸಿಯಿತು. ನರಕ್ಕೆ ಒತ್ತಡ ಮಾತ್ರವಲ್ಲ, ಉರಿಯೂತವೂ ಕಾಟ ಕೊಡುತ್ತದೆಂದು ಅಲ್ಲಿಂದ ಗಟ್ಟಿಯಾಯಿತು. ನಿನ್ನ ವೈದ್ಯರು ಹೇಳಿರುವ ಎಪಿಡ್ಯೂರಲ್ ಸ್ಟೀರಾಯ್ಡ್, ಅಂದರೆ ಬೆನ್ನುಹುರಿಯ ಹೊದಿಕೆಯ ಹೊರಗೆ ಚುಚ್ಚುವ ಮದ್ದು, ತಗ್ಗಿಸಲು ನೋಡುವುದು ಆ ಉರಿಯೂತವನ್ನೇ. ಅದು ಜಾರಿದ ಡಿಸ್ಕನ್ನು ಹಿಂದಕ್ಕೆ ತಳ್ಳುವುದಿಲ್ಲ, ಸಿಗುವ ಆರಾಮವೂ ಹೆಚ್ಚಾಗಿ ಕೆಲವು ವಾರಗಳದ್ದು. ಆ ವಾರಗಳಲ್ಲಿ ವ್ಯಾಯಾಮ ಶುರುಮಾಡಬಹುದು, ನೆಟ್ಟಗೆ ನಿದ್ದೆ ಮಾಡಬಹುದು. ಎಕ್ಸ್‌ರೇ ಪರದೆ ನೋಡಿಕೊಂಡೇ ಸೂಜಿ ಹಾಕುತ್ತಾರೆಯೇ ಎಂದು ಕೇಳಿಕೋ. ಆದರೆ ಕಾಲಿನ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಚುಚ್ಚುಮದ್ದಿನ ದಿನಕ್ಕಾಗಿ ಕಾಯಬೇಡ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡು.

ಭಾನುವಾರ ಬರುತ್ತೇನೆ. ಸ್ಕ್ಯಾನ್ ತೆಗೆದಿಟ್ಟಿರು.

ನಿನ್ನವನು