ಎಡದಂಡೆ ಕಾಲುವೆ ನೀರು: ಭಾನುವಾರದ ಸಭೆಗೆ ದಾಖಲೆ ತನ್ನಿ

ಎಲ್ಲ ರೈತ ಬಾಂಧವರಿಗೆ ನಮಸ್ಕಾರ.

ಭಾನುವಾರ ಬೆಳಗ್ಗೆ 10ಕ್ಕೆ ನೀರು ಬಳಕೆದಾರರ ಸಂಘದ ಕಚೇರಿಯಲ್ಲಿ, ಹೊಲಕ್ಕೆ ನೀರು ಮುಟ್ಟದಿರುವ ಬಗ್ಗೆ ಅರ್ಜಿ ಕೊಡಲು ಸಭೆ ಇದೆ. ತುಂಗಭದ್ರಾ ಎಡದಂಡೆಯ ಕೊನೆಭಾಗದವರು ತಪ್ಪದೆ ಬನ್ನಿ.

1953ರಲ್ಲಿ 133 ಟಿಎಂಸಿ (ಶತಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ ಚೈನ್ ತುಂಡಾಗಿ 19ನೇ ಗೇಟ್ ಕೊಚ್ಚಿಹೋದದ್ದು ಗೊತ್ತೇ ಇದೆ. ಆದರೆ ನಮ್ಮ ಹೊಲಕ್ಕೆ ನೀರು ಮುಟ್ಟದಿರಲು ಅಣೆಕಟ್ಟೆಯ ಮುಪ್ಪೊಂದೇ ಕಾರಣವಲ್ಲ. ಹೆಚ್ಚಾಗಿ ಅರೆ ನೀರಾವರಿ (ಕಡಿಮೆ ನೀರು ಸಾಕಾಗುವ) ಬೆಳೆಗೆಂದು ಯೋಜಿಸಿದ ಕಾಲುವೆಯ ಮೇಲ್ಭಾಗದಲ್ಲಿ ಹೆಚ್ಚು ನೀರು ಬೇಡುವ ಭತ್ತ ನಾಟಿಯಾಗುತ್ತಿದೆ.

ತರಬೇಕಾದ್ದು: ಪಹಣಿ, ನೀರಿನ ಕರ ಕಟ್ಟಿದ ರಸೀದಿ, ನಿಮ್ಮ ತೂಬಿನ (ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಕಿಂಡಿ) ನಂಬರ್. ಅಲ್ಲಿಯವರೆಗೆ ದಿನಾ ಬೆಳಗ್ಗೆ 6, ಸಂಜೆ 6ಕ್ಕೆ ಗೇಜ್ (ಕಾಲುವೆಯ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ) ಫೋಟೊ ತೆಗೆದು ದಿನಾಂಕ, ಸಮಯದೊಂದಿಗೆ ಇಲ್ಲಿ ಹಾಕಿ. ಬರೀ "ನೀರಿಲ್ಲ" ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಸಿಟ್ಟಿಗೆ ತೂಬು ಎತ್ತಲು ಹೋಗಬೇಡಿ, ಕೇಸು ನಮ್ಮ ಮೇಲೇ ಬೀಳುತ್ತದೆ.

ಬರುವವರು ಶನಿವಾರದೊಳಗೆ ಹೆಸರು, ಊರು ತಿಳಿಸಿ.